ನಮ್ಮ ಮನೆಯ ಹೋಗದ ನೀರು

ಹರಿಯುವ ನೀರಿನ ಬಗ್ಗೆ ಪಾಠ ಹೇಳುವುದು ನನ್ನ ಹೊಟ್ಟೆಪಾಡು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ನೀವಾಗಿಯೇ ಪತ್ತೆಹಚ್ಚಿ ನಗುವುದಕ್ಕಿಂತ ನಾನೇ ನಗಿಸಿದರೆ ಮರ್ಯಾದೆ ತುಸುವಾದರೂ ಉಳಿದೀತು. ಬಳ್ಳಾರಿಯ ಒಂದು ಪಿಯು ಕಾಲೇಜಿನಲ್ಲಿ ನಾನು ಭೌತಶಾಸ್ತ್ರದ ಉಪನ್ಯಾಸಕ. ಕೊಳವೆ ಕಿರಿದಾದ ಕಡೆ ನೀರಿನ ವೇಗ ಏನಾಗುತ್ತದೆ, ಒತ್ತಡ ಏನಾಗುತ್ತದೆ ಎಂಬುದನ್ನು ಬೋರ್ಡಿನ ಮೇಲೆ ಬಣ್ಣಬಣ್ಣದ ಚಾಕ್‌ಪೀಸಿನಲ್ಲಿ ಬಿಡಿಸಿ ತೋರಿಸುವುದರಲ್ಲಿ ನನಗೆ ಒಳ್ಳೆಯ ಹೆಸರಿದೆ. ಆ ಹೆಸರು ಕಾಲೇಜಿನ ಗೇಟಿನವರೆಗೆ ಮಾತ್ರ. ಮನೆಯ ಬಚ್ಚಲಿನಲ್ಲಿ ನೀರಿನ ವೇಗ ಸೊನ್ನೆ, ನನ್ನ ಮೇಲಿನ ಒತ್ತಡ ಮಾತ್ರ ವಿಪರೀತ.

ನಮ್ಮೂರಲ್ಲಿ ನೀರು ಬರುವುದು ಸುದ್ದಿ. ನಳದಲ್ಲಿ ಯಾವಾಗ ಸದ್ದಾದೀತೆಂದು ಇಡೀ ಓಣಿ ಕಿವಿಗೊಟ್ಟು ಕೂತಿರುತ್ತದೆ. ಅಂಥ ಊರಿನಲ್ಲಿ, ಬಂದ ನೀರು ಮನೆ ಬಿಟ್ಟು ಹೋಗಲು ಒಪ್ಪುತ್ತಿಲ್ಲ ಎಂದು ದೂರಿಕೊಂಡರೆ ಯಾರು ಕನಿಕರ ಪಡುತ್ತಾರೆ? ಪಕ್ಕದ ಮನೆಯವರಿಗೆ ಹೇಳಿದೆ. ‘ನಿಮ್ಮ ಪುಣ್ಯ ಬಿಡ್ರಿ ಸರ್’ ಅಂದರು.

ತಪ್ಪೆಲ್ಲ ಬಾತ್‌ಟಬ್ಬಿನದು. ಸಾಮಾನ್ಯ ಉಪನ್ಯಾಸಕನ ಮನೆಯಲ್ಲಿ ಬಾತ್‌ಟಬ್ ಏಕೆ ಎಂದು ನೀವು ಕೇಳುವುದು ಸರಿ. ಈ ಮನೆ ನಾವು ಕಟ್ಟಿಸಿದ್ದಲ್ಲ. ಗಣಿಯ ಧೂಳು ಊರನ್ನೆಲ್ಲ ಕೆಂಪು ಮಾಡುತ್ತಿದ್ದ ಆ ದಿನಗಳಲ್ಲಿ ಒಬ್ಬ ಲಾರಿ ಮಾಲೀಕರು ಕಟ್ಟಿಸಿದ್ದು. ಅವರು ಯಾವುದೋ ದೊಡ್ಡ ಹೋಟೆಲಿನಲ್ಲಿ ಬಾತ್‌ಟಬ್ ನೋಡಿ ಬಂದಿದ್ದರಂತೆ. ಅದನ್ನು ಮೊದಲು ತರಿಸಿ ನೆಲದ ಮೇಲಿಟ್ಟು, ಆಮೇಲೆ ಸುತ್ತ ಗೋಡೆ ಎಬ್ಬಿಸಿರಬೇಕು. ಏಕೆಂದರೆ ನಮ್ಮ ಬಚ್ಚಲಿನ ಬಾಗಿಲಿನಿಂದ ಆ ತೊಟ್ಟಿ ಅಡ್ಡಡ್ಡಲೂ ಹೊರಗೆ ಬರುವುದಿಲ್ಲ, ಉದ್ದುದ್ದಲೂ ಬರುವುದಿಲ್ಲ. ಅಳೆದು ನೋಡಿದ್ದೇನೆ. ಆಮೇಲೆ ಅವರ ಲಾರಿಗಳು ನಿಂತವು, ಮನೆ ನಮ್ಮ ಪಾಲಾಯಿತು, ಜೊತೆಗೆ ತೊಟ್ಟಿಯೂ.

ನೀರಿಗಾಗಿ ಕಾಯುವ ಊರಿನಲ್ಲಿ ಒಬ್ಬನೇ ಮನುಷ್ಯ ಕತ್ತಿನವರೆಗೆ ನೀರು ತುಂಬಿಸಿಕೊಂಡು ಮಲಗುವುದಕ್ಕೆ ಗುಂಡಿಗೆ ಬೇಕು. ನಮಗೆ ಅದಿಲ್ಲ. ಹಾಗಾಗಿ ನಾವು ತೊಟ್ಟಿಯೊಳಗೆ ಬಕೆಟ್ ಇಟ್ಟುಕೊಂಡು, ಅದರ ಪಕ್ಕ ನಿಂತು, ತಂಬಿಗೆಯಿಂದ ಮೈಮೇಲೆ ಸುರಿದುಕೊಳ್ಳುತ್ತೇವೆ. ಸ್ನಾನ ಮಾಡುತ್ತಿದ್ದಾಗ ಏನೋ ಹೊಳೆದು ತೊಟ್ಟಿಯಿಂದೆದ್ದು ಉಟ್ಟ ಬಟ್ಟೆಯಿಲ್ಲದೆ ಬೀದಿಗೆ ಓಡಿದ ಗ್ರೀಕ್ ಪಂಡಿತನ ಕಥೆಯನ್ನು ಪ್ರತಿವರ್ಷ ಹುಡುಗರಿಗೆ ಹೇಳುತ್ತೇನೆ. ಅವನ ತೊಟ್ಟಿಯ ನೀರು ಸರಾಗವಾಗಿ ಹೋಗುತ್ತಿತ್ತೆಂದು ಕಾಣುತ್ತದೆ. ಇಲ್ಲದಿದ್ದರೆ ಅವನಿಗೆ ಹೊಳೆಯುತ್ತಿದ್ದುದೇ ಬೇರೆ, ಓಡುತ್ತಿದ್ದುದೂ ಬೇರೆ ಕಡೆಗೆ.

ನನ್ನ ಬಾಲ್ಯದ ಬಚ್ಚಲಿನಲ್ಲಿ ಇಂಥ ತಾಪತ್ರಯ ಇರಲಿಲ್ಲ. ಒಂದು ಹಾಸುಗಲ್ಲು, ಮೂಲೆಯಲ್ಲಿ ಹಂಡೆ, ಗೋಡೆಯ ಬುಡದಲ್ಲಿ ಒಂದು ತೂತು. ತೂತಿನಾಚೆ ನೇರವಾಗಿ ಗಟಾರ. ಕಟ್ಟಿಕೊಂಡರೆ ಪೊರಕೆಯ ಹಿಡಿಯಿಂದ ತಿವಿದರಾಯಿತು. ತೂತಿನಿಂದ ಆಗಾಗ ಬೆಕ್ಕು ಇಣುಕುತ್ತಿತ್ತು ಎಂಬುದೊಂದು ಕೊರತೆ ಬಿಟ್ಟರೆ ಅದಕ್ಕಿಂತ ಉತ್ತಮ ತಂತ್ರಜ್ಞಾನ ಇನ್ನೂ ಬಂದಿಲ್ಲ. ಈಗಿನ ಕೊಳವೆಗಳೋ, ನೆಲದೊಳಗೆ ಎಲ್ಲಿ ಬಾಗುತ್ತವೆ, ಎಲ್ಲಿ ತಿರುಗುತ್ತವೆ, ಕಟ್ಟಿದವನಿಗೇ ನೆನಪಿರುವುದಿಲ್ಲ.

ಮನೆಯಲ್ಲಿ ನಾವು ಮೂವರು. ನಾನು, ಬ್ಯಾಂಕಿನಲ್ಲಿ ಕೆಲಸ ಮಾಡುವ ಹೆಂಡತಿ ಗಿರಿಜಾ, ಮತ್ತು ಗಿರಿಜಾಳ ತಾಯಿ ಗಂಗವ್ವ. ಅತ್ತೆಯ ಊರು ಸಿರಿಗೇರಿ. ಅಲ್ಲಿ ಮಗ, ಸೊಸೆ, ಗದ್ದೆ, ಮೆಣಸಿನಕಾಯಿ ಹೊಲ ಎಲ್ಲ ಇವೆ. ಅವರ ಮೊಣಕಾಲಿಗೆ ಇಲ್ಲಿ ಆಪರೇಷನ್ ಆಯಿತು. ವ್ಯಾಯಾಮ ಮಾಡಿಸುವವರ ಬಳಿ ತಪ್ಪದೆ ಹೋಗಬೇಕು, ಬಿಟ್ಟರೆ ಕಾಲು ಹಾಗೇ ಬಿಗಿದುಕೊಂಡುಬಿಡುತ್ತದೆ ಎಂದು ಡಾಕ್ಟರು ಹೆದರಿಸಿದ್ದರಿಂದ ಗಿರಿಜಾ ತಾಯಿಯನ್ನು ಇಲ್ಲಿಯೇ ಇರಿಸಿಕೊಂಡಿದ್ದಳು. ಅತ್ತೆ ಮೊದಲ ದಿನ ಬಾತ್‌ಟಬ್ ನೋಡಿ, “ಇದು ದನಕ್ಕ ನೀರು ಕುಡಿಸೋ ಬಾನಿ ಇದ್ದಂಗ ಐತಲ್ಲವ್ವ! ಇದರಾಗ ಮನಿಷ್ಯಾರು ಕುಂದರತಾರೇನು?” ಎಂದಿದ್ದರು. ಅಂದಿನಿಂದ ನಮ್ಮ ಮನೆಯಲ್ಲಿ ಅದರ ಹೆಸರು ಬಾನಿ. ಕನ್ನಡಕ್ಕೆ ಒಂದು ಪಾರಿಭಾಷಿಕ ಪದ ಹೀಗೆ ಸುಲಭವಾಗಿ ಸಿಕ್ಕಿತು. ಅತ್ತೆಗೆಂದು ನಾನು ಗೋಡೆಗೆ ಹಿಡಿಕಂಬಿ ಹಾಕಿಸಿದೆ. ಅವರು ಬಾನಿಯ ದಂಡೆಯ ಮೇಲೆ ಕೂತು, ಕಂಬಿ ಹಿಡಿದು, ಒಂದೊಂದೇ ಕಾಲು ಒಳಗಿಡುತ್ತಿದ್ದರು.

ನೀರು ಮೊದಮೊದಲು ನಿಧಾನವಾಯಿತು. ಆಮೇಲೆ ಪಾದ ಮುಳುಗುವಷ್ಟು ನಿಲ್ಲತೊಡಗಿತು. ಬೆಳಿಗ್ಗೆ ಮೂವರ ಸ್ನಾನವಾದ ಮೇಲೆ ಅದು ಇಳಿದುಹೋಗುವಷ್ಟರಲ್ಲಿ ಮಧ್ಯಾಹ್ನ. ಸೋಪಿನ ನೊರೆ, ಸೀಗೆಪುಡಿ, ಎಲ್ಲವೂ ಕಲಸಿದ ಬೂದು ಬಣ್ಣದ ನೀರಿನಲ್ಲಿ ನಿಂತು ಮೈ ತೊಳೆದುಕೊಳ್ಳುವುದು ಎಂಥ ವಿರೋಧಾಭಾಸ ನೋಡಿ. ಮೇಲಿನಿಂದ ಶುದ್ಧನಾಗುತ್ತ ಬಂದಂತೆ ಕೆಳಗಿನಿಂದ ಮಲಿನನಾಗುತ್ತ ಹೋಗುವುದು.

“ನಿಮ್ಮ ಕೂದಲು ಸಿಕ್ಕೊಂಡಿರಬೇಕು ನೋಡ್ರಿ,” ಎಂದಳು ಗಿರಿಜಾ. ನನ್ನ ತಲೆಯನ್ನು ನೀವು ನೋಡಿಲ್ಲ. ಕೊಳವೆ ಕಟ್ಟುವಷ್ಟು ಬಂಡವಾಳ ಅದರಲ್ಲಿ ಉಳಿದಿಲ್ಲ.

ಪ್ಲಂಬರನಿಗೆ ಫೋನ್ ಮಾಡಿದೆ. “ನಾಳಿ ಬರ್ತೀನ್ರಿ ಸಾ,” ಎಂದ. ಮರುದಿನ ಮಾಡಿದಾಗಲೂ ಅಷ್ಟೇ ಪ್ರೀತಿಯಿಂದ ಅದೇ ಮಾತು. ಕೊನೆಗೆ ನಾನು ಸ್ವಲ್ಪ ಗಟ್ಟಿಯಾಗಿ ಮಾತಾಡಿದಾಗ, “ಬಾತ್‌ಟಬ್ಬೇನ್ರಿ? ಅದನ್ನ ನಾ ಒಮ್ಮೆನೂ ಬಿಚ್ಚಿಲ್ರಿ ಸಾ. ನೀವ ಒಂದ್ಸಲ ಕೈ ಆಡಸಿ ನೋಡ್ರಿ,” ಎಂದು ಪ್ರಾಮಾಣಿಕವಾಗಿ ಕೈತೊಳೆದುಕೊಂಡ. ಹೀಗೆ ನಾನು ರಿಪೇರಿಗೆ ಇಳಿದದ್ದು ಆಸಕ್ತಿಯಿಂದಲ್ಲ, ಗತಿಯಿಲ್ಲದೆ.

ಫೋನಿನಲ್ಲಿ ವಿಡಿಯೋ ನೋಡಿದೆ. ಅದರಲ್ಲೊಬ್ಬ ನಗುನಗುತ್ತ ಅಡುಗೆ ಸೋಡಾ ಹಾಕಿ, ವಿನೆಗರ್ ಸುರಿದು, ಬಿಸಿನೀರು ಹೊಯ್ದ. ನೀರು ಸುಳಿಸುಳಿಯಾಗಿ ಇಳಿಯಿತು. ನಾನೂ ಹಾಗೇ ಮಾಡಿದೆ. ವಿನೆಗರ್ ಇರಲಿಲ್ಲವೆಂದು ನಿಂಬೆಹಣ್ಣು ಹಿಂಡಿದೆ. ಬುಸುಬುಸು ನೊರೆ ಬಂತು. ಬಚ್ಚಲೆಲ್ಲ ಗೋಲಿಸೋಡಾದ ವಾಸನೆ. ನೀರು ಮಾತ್ರ ಕೂತಲ್ಲೇ ಕೂತಿತ್ತು, ಈಗ ಅದಕ್ಕೆ ಪಾನಕವೂ ಸೇರಿತ್ತು. ಬಜಾರಿನ ಹಾರ್ಡ್‌ವೇರ್ ಅಂಗಡಿಗೆ ಹೋಗಿ, ಕೋಲಿನ ತುದಿಗೆ ರಬ್ಬರಿನ ಬಟ್ಟಲಿರುವ ಸಾಧನವನ್ನು ತಂದೆ. ಅಂಗಡಿಯವರು ತೆಲುಗು ಬೆರೆಸಿ, “ಗಟ್ಟಿಗ ಒತ್ರಿ ಸಾರ್, ಒತ್ತಿ ಲಾಗ್ರಿ, ಅಂತೇ,” ಎಂದು ಹೇಳಿಕೊಟ್ಟಿದ್ದರು. ಗಟ್ಟಿಯಾಗಿ ಒತ್ತಿ ಎಳೆದೆ. ತೊಟ್ಟಿಯ ಗೋಡೆಯಲ್ಲಿ ಹೆಚ್ಚಿನ ನೀರು ಹೊರಹೋಗಲೆಂದು ಇನ್ನೊಂದು ತೂತು ಇದೆ. ನಾನು ಇಲ್ಲಿ ಒತ್ತಿದ ಒತ್ತಡವೆಲ್ಲ ಅಲ್ಲಿಂದ ಚಿಲುಮೆಯಾಗಿ ಚಿಮ್ಮಿ ಸೀದಾ ನನ್ನ ಬಾಯಿಗೆ ಬಂತು. ಪಾಠದಲ್ಲಿ ಇದೇ ನಿಯಮವನ್ನು ನಾನು ಎಷ್ಟು ಸಲ ವಿವರಿಸಿಲ್ಲ!

ವಿಚಿತ್ರವೆಂದರೆ, ನಾನು ಬಚ್ಚಲಿಗೆ ಹೊಕ್ಕಾಗಲೆಲ್ಲ ಅತ್ತೆ ಕೋಲೂರಿಕೊಂಡು ಬಾಗಿಲಿಗೆ ಬಂದು ನಿಲ್ಲುತ್ತಿದ್ದರು. “ಬಿಡ್ರಿ ಅಳಿಯಾರ, ಯಾಕ ತ್ರಾಸ ತಗೋತೀರಿ? ತಾನ ಹೋಗತೈತಿ ಅದು.” ಅಳಿಯನ ಮೇಲೆ ಎಷ್ಟು ಕಳಕಳಿ ಎಂದು ನಾನು ಕರಗಿಹೋಗಿದ್ದೆ.

ಆ ವಾರ ಒಂದು ಬೆಳಿಗ್ಗೆ, ಆ ನಿಂತ ಸೋಪಿನ ನೀರಿನಲ್ಲಿ ಅತ್ತೆಯ ಕಾಲು ಜಾರಿತು. ಕಂಬಿ ಹಿಡಿದಿದ್ದರಿಂದ ಬೀಳಲಿಲ್ಲ. ಆದರೆ ಅವರು ಕೂಗಿದ ಕೂಗಿಗೆ ಗಿರಿಜಾ ಒಲೆಯ ಮೇಲೆ ರೊಟ್ಟಿ ಬಿಟ್ಟು ಓಡಿಹೋದಳು. ತಾಯಿಯನ್ನು ಮಂಚದ ಮೇಲೆ ಕೂರಿಸಿ ಬಂದವಳ ಮುಖ ಬಿಳಿಚಿಕೊಂಡಿತ್ತು. ಹಿಂದೆಯೇ ಸುಟ್ಟ ರೊಟ್ಟಿಯ ಹೊಗೆ.

“ಈ ರವಿವಾರದೊಳಗ ಅದು ಸರಿ ಆಗಬೇಕ್ರಿ. ಇಲ್ಲಂದ್ರ ಅವ್ವನ್ನ ಸಿರಿಗೇರಿಗೆ ಕಳಿಸಿಬಿಡ್ತೀನಿ. ಅಲ್ಲಿ ಬಚ್ಚಲರ ಸಪಾಟ ಐತಿ.”

“ಮತ್ತ ಕಾಲಿನ ವ್ಯಾಯಾಮ? ಅಲ್ಲಿ ಯಾರು ಮಾಡಸ್ತಾರ?”

“ಇನ್ನೊಂದ್ಸಲ ಜಾರಿದ್ರ ವ್ಯಾಯಾಮ ಮಾಡಸಾಕ ಕಾಲು ಉಳಿಬೇಕಲ್ರಿ?”

ಒಬ್ಬ ಮುದುಕಿ ಮುಂದೆ ನಡೆಯುತ್ತಾರೋ ಇಲ್ಲವೋ ಎಂಬುದು ನನ್ನ ಅರ್ಧಂಬರ್ಧ ಕೈಚಳಕದ ಮೇಲೆ ಬಂದು ನಿಂತಿತ್ತು.

ಭಾನುವಾರ ಗಿರಿಜಾ ಸಹೋದ್ಯೋಗಿಯೊಬ್ಬರ ಗೃಹಪ್ರವೇಶಕ್ಕೆಂದು ಕುರುಗೋಡಿಗೆ ಹೋದಳು. “ಬರೂದರೊಳಗ ಆಗಿರಬೇಕು,” ಎಂಬುದು ಬಾಗಿಲಿನಲ್ಲಿ ಅವಳ ಕೊನೆಯ ಮಾತು. ನಾನು ಲುಂಗಿ ಮೇಲೆ ಕಟ್ಟಿ, ಇಸ್ತ್ರಿ ಬಟ್ಟೆಯ ಜೊತೆ ಬರುವ ತಂತಿಯ ಹ್ಯಾಂಗರನ್ನು ನೇರ ಮಾಡಿ, ತುದಿಯನ್ನು ಕೊಕ್ಕೆಯಾಗಿ ಬಗ್ಗಿಸಿಕೊಂಡು ಬಾನಿಯೊಳಗೆ ಕೂತೆ. ತೂತಿನ ಮೇಲಿನ ಜಾಲರಿ ತುಕ್ಕು ಹಿಡಿದು ಕುಳಿತಿತ್ತು. ಸ್ಕ್ರೂಡ್ರೈವರ್ ಜಾರಿ ಹೆಬ್ಬೆರಳಿನ ಚರ್ಮ ಕಿತ್ತುಬಂತು. ಬೈದೆ. ಲಾರಿ ಮಾಲೀಕರನ್ನು, ಅವರು ಇಳಿದುಕೊಂಡಿದ್ದ ಹೋಟೆಲನ್ನು, ಹೋಟೆಲ್ ಎಂಬ ವ್ಯವಸ್ಥೆಯನ್ನೇ ಬೈದೆ. ಜಾಲರಿ ಬಂತು. ತಂತಿ ಇಳಿಸಿದೆ. ಕೊಳವೆಯ ಬಾಗಿನಲ್ಲಿ ಏನೋ ಮೆತ್ತಗೆ ತಗುಲಿತು. ತಿರುಗಿಸಿ ಎಳೆದೆ. ಬರಲಿಲ್ಲ. ಮತ್ತೆ ಎಳೆದೆ. ಕೊಳವೆ ಒಮ್ಮೆ ದೊಡ್ಡದಾಗಿ ತೇಗಿತು, ಕೈಗೆ ಒಂದು ಗೇಣಿಗಿಂತ ಉದ್ದದ, ಲೋಳೆ ಸುರಿಯುವ ವಸ್ತು ಜೋತುಬಿತ್ತು.

ಸತ್ತ ಪ್ರಾಣಿ ಎಂದುಕೊಂಡೆ. ಆದರೆ ಪ್ರಾಣಿ ನೀಲಿ ಬಣ್ಣದ್ದಾಗಿತ್ತು.

ನಳದ ಕೆಳಗೆ ಹಿಡಿದು ತೊಳೆದೆ. ದಾರ. ತುಂಡು ತುಂಡು ದಾರ, ಸಾವಿರಾರು, ನೀಲಿಯ ನಡುವೆ ಹಳದಿ ಕೂಡ, ಸೋಪಿನಲ್ಲಿ ನೆನೆದು ಹಗ್ಗದಂತೆ ಹೊಸೆದುಕೊಂಡಿದ್ದವು. ಬಳ್ಳಾರಿಯಲ್ಲಿ ಬೆಳೆದವರಿಗೆ ಆ ನೀಲಿ, ಆ ಹಳದಿ ಏನೆಂದು ಬೇರೆ ಹೇಳಬೇಕಿಲ್ಲ. ಇಲ್ಲಿ ಓಣಿ ಓಣಿಯಲ್ಲೂ ಜೀನ್ಸ್ ಹೊಲಿಯುತ್ತಾರೆ. ಹೊಲಿದ ಪ್ಯಾಂಟಿನ ಸಂದಿಯಲ್ಲೆಲ್ಲ ಜೋತಾಡುವ ದಾರದ ತುದಿಗಳನ್ನು ಕತ್ತರಿಸುವ ಕೆಲಸ ಮನೆಗಳಲ್ಲಿ ಕೂತ ಹೆಂಗಸರದು. ಆದರೆ ನಮ್ಮ ಮನೆಯಲ್ಲಿ ಜೀನ್ಸ್ ಹೊಲಿಯುವುದಿರಲಿ, ತೊಡುವವರೂ ಇಲ್ಲ.

ತಲೆಯೆತ್ತಿದರೆ ಬಾಗಿಲಲ್ಲಿ ಅತ್ತೆ. ಸೆರಗು ತಲೆಯ ಮೇಲೆ ಎಳೆದುಕೊಂಡು, ನೆಲ ನೋಡುತ್ತ ನಿಂತಿದ್ದರು.

“ಅಳಿಯಾರ, ಅದು ನಂದ್ರಿ.”

“ನಿಮ್ದಾ? ಅಂದ್ರ?”

“ಎದುರು ಮನಿ ಶಮೀಮಾ ಪ್ಯಾಂಟು ತಂದು ಕೊಡತಾಳ್ರಿ. ನೀವಿಬ್ರೂ ಹ್ವಾದ ಮ್ಯಾಲ. ದಾರ ಕತ್ತರಸತೀನಿ.”

“ಬಚ್ಚಲದಾಗ?”

“ಮತ್ತೆಲ್ಲಿ ಕುಂದರ್ಲಿ? ಕೆಳಗ ಕುಂದರಾಕ ಮೊಣಕಾಲು ಮಡಚವಲ್ದು. ಪಡಸಾಲ್ಯಾಗ ಕುಂತ್ರ ಕಿಡಕ್ಯಾಗಿಂದ ಓಣಿ ಮಂದಿ ನೋಡತಾರ. ಈ ಬಾನಿ ದಂಡಿ ನನ್ನ ಎತ್ತರಕ್ಕ ಬರೋಬ್ಬರಿ ಐತ್ರಿ. ಮ್ಯಾಲಿನ ಕಿಡಕಿ ಬೆಳಕೂ ಚಲೋ ಬೀಳತೈತಿ. ಕೆಲಸ ಮುಗದ ಮ್ಯಾಲ ಒಂದ್ ತಂಬಿಗಿ ನೀರು ಹಾಕಿಬಿಡತಿದ್ನಿ. ಎಲ್ಲಾ ಹೋಗಿಬಿಡತಿತ್ತು.”

“ಹೋಗಿಲ್ರಿ ಅತ್ತಿ! ಎಲ್ಲಾ ಇಲ್ಲೇ ಐತಿ!” ಎಂದು ಆ ನೀಲಿ ಪ್ರಾಣಿಯನ್ನು ಎತ್ತಿ ಅಲ್ಲಾಡಿಸಿದೆ. ಇಷ್ಟು ದಿನದ ಸೋಡಾ, ನಿಂಬೆ, ಬಾಯಿಗೆ ಬಂದ ಚಿಲುಮೆ ಎಲ್ಲ ಒಟ್ಟಿಗೆ ನೆನಪಾದವು. “ಮನಿಯಾಗ ಕಸದ ಡಬ್ಬಿ ಐತಲ್ರಿ. ಅದರಾಗ ಹಾಕಬಾರದೇನ್ರಿ?”

“ಡಬ್ಬಿ ನಿಮ್ಮ ಹೆಂಡ್ತಿ ದಿನಾ ನೋಡತಾಳ್ರಿ.”

ಸಿಟ್ಟು ಗಂಟಲವರೆಗೆ ಬಂದಿತ್ತು. ಅತ್ತೆ ಕೋಲಿನ ತುದಿಯಿಂದ, ನೆಲಕ್ಕೆ ಬಿದ್ದಿದ್ದ ಒಂದು ನೀಲಿ ಎಳೆಯನ್ನು ಮೆಲ್ಲಗೆ ಗೋಡೆಯತ್ತ ಸರಿಸಿದರು. ಸಿಟ್ಟು ಅಲ್ಲೇ ಕಟ್ಟಿಕೊಂಡಿತು.

“ಗಿರಿಜಾಗ ಹೇಳಬ್ಯಾಡ್ರಿ,” ಎಂದರು ಅತ್ತೆ. “ಆಕಿಗೆ ಸೇರೂದಿಲ್ಲ.”

ಹೇಳುವುದಿಲ್ಲ ಎಂದೆ. ದಾರದ ಉಂಡೆಯನ್ನು ಹಳೆಯ ಪೇಪರಿನಲ್ಲಿ ಸುತ್ತಿ ಬೀದಿಯ ಕಸದ ಗಾಡಿಗೆ ನಾನೇ ಹಾಕಿ ಬಂದೆ. ಹೆಂಡತಿಯಿಂದ ಮುಚ್ಚಿಡಲು ಅತ್ತೆಯೂ ಅಳಿಯನೂ ಸೇರಿ ಸಂಚು ಹೂಡಿದ ಸಂಸಾರ ಬಹುಶಃ ನಮ್ಮದೊಂದೇ ಇರಬೇಕು.

ಗಿರಿಜಾ ಮಧ್ಯಾಹ್ನದ ಹೊತ್ತಿಗೆ ಬಂದಳು. ಚಪ್ಪಲಿ ಬಿಟ್ಟವಳೇ ಬಚ್ಚಲಿಗೆ ಹೋಗಿ ಒಂದು ಬಕೆಟ್ ನೀರು ಸುರಿದಳು. ನೀರು ಗುಳುಗುಳು ಸದ್ದು ಮಾಡುತ್ತ, ಸುಳಿ ಸುತ್ತಿ, ಕಣ್ಣೆದುರೇ ಮಾಯವಾಯಿತು. ಮದುವೆಯಾದಾಗಿನಿಂದ ಅವಳು ನನ್ನನ್ನು ಅಷ್ಟು ಮೆಚ್ಚುಗೆಯಿಂದ ನೋಡಿದ ನೆನಪಿಲ್ಲ.

“ಏನಿತ್ರಿ ಒಳಗ?”

“ಕೂದಲು.”

“ಯಾರದು?” ಅವಳ ದೃಷ್ಟಿ ನನ್ನ ತಲೆಯ ಮೇಲೆ ಹೋಗಿ, ಅಲ್ಲಿ ಆಧಾರ ಸಿಗದೆ ಹಿಂದಿರುಗಿತು.

“ಹಳೇ ಮಾಲೀಕರದು ಇರಬೇಕು.”

ಅವಳು ನಂಬಿದಳೋ ಬಿಟ್ಟಳೋ ತಿಳಿಯುವಷ್ಟರಲ್ಲಿ ಬಾಗಿಲು ಬಡಿದ ಸದ್ದಾಯಿತು. ಗಿರಿಜಾಳೇ ತೆಗೆದಳು. ಎದುರು ಮನೆಯ ಶಮೀಮಾ, ಎದೆಗವಚಿಕೊಂಡ ದೊಡ್ಡ ಗಂಟು, ಗಂಟಿನ ಸಂದಿಯಿಂದ ಇಣುಕುವ ನೀಲಿ ಕಾಲುಗಳು. ಗಂಟಿನ ಹಿಂದೆ ಮುಖ ಮುಚ್ಚಿಹೋಗಿದ್ದರಿಂದ ಬಾಗಿಲು ತೆಗೆದವರು ಯಾರೆಂದು ಆಕೆಗೆ ಕಾಣಲಿಲ್ಲ.

“ಗಂಗವ್ವಾ, ರವಿವಾರ ಅಂತ ಗೊತ್ತೈತಿ, ಆದ್ರ ಭಾಳ ಅರ್ಜೆಂಟೈತಿ. ಸಂಜಿಗೆ ಗಾಡಿ ಬರತೈತಿ. ಇವಷ್ಟು ಮುಗಿಸಿಕೊಟ್ರ ಸಾಕು.”

ಗಂಟು ಕೆಳಗಿಳಿಯಿತು. ಇಬ್ಬರೂ ಮುಖ ಮುಖ ನೋಡಿಕೊಂಡರು. ಅತ್ತೆ ಮಂಚದ ಮೇಲೆ ಕೂತಲ್ಲೇ ಕಣ್ಣು ಮುಚ್ಚಿಕೊಂಡರು. ನಾನು ಗೋಡೆಗಿದ್ದ ಕ್ಯಾಲೆಂಡರ್ ಓದತೊಡಗಿದೆ.

ಗಿರಿಜಾಗೆ ಅರ್ಥವಾಗಲು ಹೊತ್ತು ಹಿಡಿಯಲಿಲ್ಲ. “ಯವ್ವಾ, ಇದೇನಿದು? ನಿನಗ ನಾ ಏನ್ ಕಡಿಮಿ ಮಾಡೀನಿ? ಉಣ್ಣಾಕ ಹಾಕಿಲ್ಲೇನು? ಔಷಧಿ ಕೊಡಿಸಿಲ್ಲೇನು? ನಾ ಬ್ಯಾಂಕಿನ್ಯಾಗ ಕುಂತಾಗ ನೀ ಇಲ್ಲಿ ಮಂದಿ ಪ್ಯಾಂಟಿನ ದಾರ ಕತ್ತರಸತಿ! ತಾಯಿನ್ನ ದುಡಿಯಾಕ ಹಚ್ಯಾಳ ಅಂತ ಅನ್ನಂಗಿಲ್ಲೇನು ಜನ?” ಎನ್ನುತ್ತ ಅವಳ ದನಿ ಒಡೆಯಿತು. ಸಿಟ್ಟಿಗಿಂತ ಅದರಲ್ಲಿ ನೋವೇ ಹೆಚ್ಚಿತ್ತು.

ಅತ್ತೆ ಕಣ್ಣು ತೆರೆದರು. “ನೀ ಏನೂ ಕಡಿಮಿ ಮಾಡಿಲ್ಲವ್ವ. ಮುಂಜಾನಿ ಆದ್ರ ನೀ ಬ್ಯಾಂಕಿಗಿ ಹೋಗತಿ. ಅಳಿಯಾರು ಕಾಲೇಜಿಗಿ ಹೋಗತಾರ. ನಾ ಎಲ್ಲಿಗಿ ಹೋಗ್ಲಿ?”

“ಟೀವಿ ಐತಲ್ಲ?”

“ಅದರಾಗ ಮಂದಿ ಬರೇ ಅಳತಾರವ್ವ. ಎಷ್ಟು ನೋಡ್ಲಿ? ಊರಾಗ ಮೆಣಸಿನಕಾಯಿ ತೊಟ್ಟು ಬಿಡಸಾಕ ಕುಂತ್ರ ನನ್ನ ಕೈ ಮುಂದ ಯಾರೂ ಇರತಿದ್ದಿಲ್ಲ. ಇಲ್ಲಿ ಬಂದ ಮ್ಯಾಲ ಎರಡೂ ಕೈ ಸುಮ್ನ ತೊಡಿ ಮ್ಯಾಲ ಬಿದ್ದಿದ್ವು. ನೋಡಿದ್ರ ನನಗ ಅಂಜಿಕಿ ಬರತಿತ್ತು, ಯಾರವೋ ಕೈ ಇದ್ದಂಗ.”

ಶಮೀಮಾ ಮೆಲ್ಲಗೆ ಗಂಟನ್ನು ಮತ್ತೆ ಎತ್ತಿಕೊಂಡು, “ನಾ ವಾಪಸ್ ಒಯ್ತೀನ್ರಿ ಮೇಡಂ. ತಪ್ಪು ತಿಳಕೋಬ್ಯಾಡ್ರಿ,” ಎಂದಳು. ಗಿರಿಜಾ ಒಳಗೆ ಹೋದಳು. ಅಡುಗೆಮನೆಯಲ್ಲಿ ನಳ ತಿರುಗಿಸಿದ್ದು, ಮುಖ ತೊಳೆದದ್ದು ಕೇಳಿಸಿತು. ಆಮೇಲೆ ಡ್ರಾಯರ್ ಎಳೆದ ಸದ್ದು. ಹೊರಗೆ ಬಂದಾಗ ಅವಳ ಕೈಯಲ್ಲಿ ಮನೆಯಲ್ಲಿದ್ದ ಕತ್ತರಿಗಳೆಲ್ಲ ಇದ್ದವು, ನನ್ನ ಮೀಸೆಯ ಕತ್ತರಿ ಸಹಿತ.

“ಗಾಡಿ ಎಷ್ಟೊತ್ತಿಗೆ ಬರತೈತಿ?” ಎಂದು ಶಮೀಮಾಳನ್ನು ಕೇಳಿದಳು. “ಒಳಗ ಬರ್ರಿ ಮತ್ತ. ಬಾಗಿಲಾಗ ನಿಂತ್ರ ಮುಗಿತೈತೇನು?”

ಪಡಸಾಲೆಯಲ್ಲಿ ಹಳೆಯ ಚಾದರ ಹಾಸಿ ಕೂತೆವು. ಅತ್ತೆ ಮಂಚದ ಮೇಲೆ, ತೊಡೆಯ ಮೇಲೆ ಪ್ಯಾಂಟು. ಅವರ ಕತ್ತರಿ ಓಡುವುದನ್ನು ನಾನು ಮೊದಲ ಸಲ ನೋಡಿದೆ. ಕಣ್ಣು ಎಲ್ಲೋ, ಮಾತು ಎಲ್ಲೋ, ಬೆರಳು ಮಾತ್ರ ದಾರದ ತುದಿಯ ಮೇಲೆ. ಅವರು ಮತ್ತು ಶಮೀಮಾ ಓಣಿಯ ಸಮಾಚಾರವನ್ನೆಲ್ಲ ಮಾತಾಡಿದರು. ಯಾವ ಮನೆಯಲ್ಲಿ ಯಾರು ಯಾರೊಂದಿಗೆ ಮಾತು ಬಿಟ್ಟಿದ್ದಾರೆ ಎಂಬುದೆಲ್ಲ ಅತ್ತೆಗೆ ಗೊತ್ತಿತ್ತು. ಇಷ್ಟು ವರ್ಷ ಇದ್ದ ನನಗೆ ಗೊತ್ತಿರಲಿಲ್ಲ. ಗಿರಿಜಾ ಮೊದಮೊದಲು ಬಿಗಿದುಕೊಂಡೇ ಕತ್ತರಿಸುತ್ತಿದ್ದಳು, ಆಮೇಲೆ ಒಂದು ಸುದ್ದಿಗೆ ತಡೆಯಲಾರದೆ ನಕ್ಕಳು.

ನಾನು ಶ್ರದ್ಧೆಯಿಂದ ಒಂದು ಉದ್ದನೆಯ ದಾರ ಹಿಡಿದು ಕತ್ತರಿಸಿದೆ. ಜೇಬು ಪ್ಯಾಂಟಿನಿಂದ ಬಿಡುಗಡೆ ಪಡೆದು ಕೆಳಗೆ ತೂಗಾಡಿತು.

“ಲೇ, ಅದು ಹೊಲಿಗಿ ದಾರ ಲೇ!” ಎಂದು ಅತ್ತೆ ಚೀರಿದರು.

ನಮ್ಮ ಕಡೆ ಅತ್ತೆಯಾದವರು ಅಳಿಯನ ಹೆಸರು ಹಿಡಿದೂ ಕರೆಯುವುದಿಲ್ಲ. ಕತ್ತರಿಗಳೆಲ್ಲ ಒಟ್ಟಿಗೆ ನಿಂತವು. ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಗಿರಿಜಾ ನನ್ನ ಮುಖ ನೋಡಿದಳು. ನನಗೋ, ಹೊಲದ ಬದುವಿನ ಮೇಲೆ ಜೊತೆಗೆ ಕೂತು ದುಡಿಯುವ ಆಳಿನ ಸ್ಥಾನಕ್ಕೆ ಬಡ್ತಿ ಸಿಕ್ಕಂತೆ ಆಗಿತ್ತು. “ಇನ್ನೊಂದು ಕೊಡ್ರಿ ಅತ್ತಿ, ಈ ಸಲ ನೋಡಿ ಕತ್ತರಸತೀನಿ,” ಎಂದೆ. “ಬ್ಯಾಡ್ರಿ, ನೀವು ಚಾ ಮಾಡ್ರಿ,” ಎಂದರು. ಗಾಡಿ ಬರುವ ಹೊತ್ತಿಗೆ ಗಂಟು ಸಿದ್ಧವಾಗಿತ್ತು. ಆ ಜೇಬನ್ನು ಶಮೀಮಾ ಮನೆಗೆ ಹೋಗಿ ಹೊಲಿದು ತಂದಳು.

ಈಗ ಪಡಸಾಲೆಯ ಕಿಟಕಿಯ ಬಳಿ ಅತ್ತೆಗೆಂದು ಎತ್ತರದ ಒಂದು ಮರದ ಪೀಠ ಮಾಡಿಸಿದ್ದೇವೆ. ದಾರಕ್ಕೆ ಬೇರೆಯೇ ಚೀಲ. ಬ್ಯಾಂಕಿನಲ್ಲಿ ಗಿರಿಜಾ ಈ ವಿಷಯ ಇನ್ನೂ ಹೇಳಿಲ್ಲ, ಹೇಳುವುದೂ ಇಲ್ಲವೇನೋ. ಆದರೆ ಸಂಜೆ ಬಂದು ಬ್ಯಾಗ್ ಇಟ್ಟ ಕೂಡಲೆ, “ಇವತ್ತ ಎಷ್ಟಾದ್ವು ಯವ್ವಾ?” ಎಂದು ಕೇಳುತ್ತಾಳೆ. ಬ್ಯಾಂಕಿನ ಮ್ಯಾನೇಜರನ ಮೇಲೆ ಅವಳಿಗಿರುವ ದೂರುಗಳನ್ನೂ, ದಪ್ಪ ಬಟ್ಟೆ ಕಳಿಸುವ ಪ್ಯಾಂಟಿನ ಮಾಲೀಕನ ಮೇಲೆ ಅತ್ತೆಗಿರುವ ದೂರುಗಳನ್ನೂ ಇಬ್ಬರೂ ಸರಿಸಮವಾಗಿ ಹಂಚಿಕೊಳ್ಳುತ್ತಾರೆ. ನನ್ನ ದೂರುಗಳಿಗೆ ಸರದಿ ಬರುವುದಿಲ್ಲ.

ವ್ಯಾಯಾಮ ನಡೆಯಿತು, ಮೊಣಕಾಲು ಪಳಗಿತು. ಕೋಲು ಬಾಗಿಲ ಹಿಂದೆ ಸೇರಿತು. ಇನ್ನು ಊರಿಗೆ ಕರೆದೊಯ್ಯಬಹುದು ಎಂದು ಡಾಕ್ಟರು ಹೇಳಿದ ಮೇಲೆ ಗಿರಿಜಾಳ ತಮ್ಮ ಸಿರಿಗೇರಿಯಿಂದ ಬಂದ. ಅತ್ತೆ ಅವನಿಗೆ ಊಟ ಬಡಿಸಿದರು, ಹೊಲದ ಸುದ್ದಿ ಕೇಳಿದರು, ಮೊಮ್ಮಕ್ಕಳಿಗೆಂದು ತಿಂಡಿ ಕಟ್ಟಿಕೊಟ್ಟರು. ಊರಿಗೆ ಹೊರಡುವ ಮಾತು ಬಂದಾಗ ಮಾತ್ರ, ಹಬ್ಬಕ್ಕ ಬರ್ತೀನಿ ಬಿಡು ಎಂದು ಪೀಠ ಹತ್ತಿ ಕತ್ತರಿ ಹಿಡಿದರು. ಹುಡುಗ ತಬ್ಬಿಬ್ಬಾಗಿ ನನ್ನನ್ನು ಅಂಗಳಕ್ಕೆ ಕರೆದುಕೊಂಡು ಬಂದ.

“ಮಾವಾರ, ಕಾಲು ಆರಾಮ ಆಗೇತಿ ಅಂತೀರಿ. ಮತ್ಯಾಕ ಬರವಲ್ಲಳು ಅವ್ವ? ಮನಿಯಾಗ ಏನರ ಬ್ಯಾಸರ ಆಗೇತೇನ್ರಿ ನಮ್ಮ ಮ್ಯಾಲ?”

“ಏನಿಲ್ಲಪ,” ಎಂದೆ. “ನಿಮ್ಮವ್ವಗ ರಜಾ ಸಿಕ್ಕಿಲ್ಲ.”